ಬೊಕ್ಕಸ ಬರಿದಾಯಿತು, ರಾಜ್ಯ ಕೈಬಿಟ್ಟಿತು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನ ಕಾದಾಡುತ್ತಲೇ ಮಡಿದ. ಎರಡು ತಿಂಗಳು ತುಂಬುವುದರೊಳಗೆ, ಜೂನ್ 30ರಂದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಲಾಯಿತು. ಒಡೆಯರ ಮನೆತನಕ್ಕೆ ಸಿಂಹಾಸನ ಮರಳಿತು. ಅದರ ಜೊತೆಗೇ ಒಂದು ಕರಾರೂ ಬಂದಿತು. ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ 24.5 ಲಕ್ಷ ರೂಪಾಯಿ, ಪೊಗದಿ ಸಲ್ಲಬೇಕು. ರಾಜ್ಯಕ್ಕೆ ಅಂದು ಅಂದಾಜು ಮಾಡಿದ್ದ ಹುಟ್ಟುವಳಿಯ ಅರ್ಧಕ್ಕೂ ಮಿಕ್ಕ ಮೊತ್ತವದು. ಕರಾರಿನ ನಾಲ್ಕನೆಯ ಕಲಮು ಇನ್ನೂ ಬಿಗಿಯಾಗಿತ್ತು. ಈ ಹಣ ನಿಂತುಹೋದೀತೆಂಬ ಶಂಕೆ ಹುಟ್ಟಿದರೂ ಸಾಕು, ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದಾಗಿತ್ತು.

ಇಂಥ ಕರಾರಿನ ಕೆಳಗೆ ರಾಜ್ಯ ನಡೆಸುವ ಹೊಣೆ ದಿವಾನ್ ಪೂರ್ಣಯ್ಯನವರದಾಯಿತು. ಹೈದರನ ಕಾಲದಿಂದಲೂ ಲೆಕ್ಕಪತ್ರದಲ್ಲಿ ಪಳಗಿದ ಕೈ ಅವರದು. ಪೊಗದಿಯ ಹಣ ಎಂದೂ ನಿಲ್ಲದಂತೆ ಅವರು ನೋಡಿಕೊಂಡರು. ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು; ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಹನ್ನೆರಡು ವರ್ಷಗಳ ದಿವಾನಗಿರಿಯ ಕೊನೆಗೆ ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಮೀರಿದ ಉಳಿತಾಯವಿತ್ತು. 1811ರ ಕೊನೆಯಲ್ಲಿ ಅವರು ಅಧಿಕಾರವನ್ನು ಹದಿಹರೆಯದ ಅರಸನಿಗೆ ಒಪ್ಪಿಸಿ ನಿವೃತ್ತರಾದರು. ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಅರಸನ ಕೈಗೆ ಹಣ ಬಂದಿತು. ಆ ಹಣವನ್ನು ಕಾಯ್ದಿದ್ದ ಶಿಸ್ತು ಮಾತ್ರ ಪೂರ್ಣಯ್ಯನವರ ಜೊತೆಗೇ ಹೋಯಿತು. ಖರ್ಚಿಗೆ ಕಡಿವಾಣ ಹಾಕಬಲ್ಲ ಬೇರೊಂದು ವ್ಯವಸ್ಥೆ ರಾಜ್ಯದಲ್ಲಿ ಬೆಳೆದಿರಲಿಲ್ಲ.

ಮುಮ್ಮಡಿಯವರು ಕ್ರೂರಿಯಲ್ಲ, ಅರಸಿಕರಲ್ಲ. ಕವಿಗಳೂ ಪಂಡಿತರೂ ವೈಣಿಕರೂ ಚಿತ್ರಕಾರರೂ ಅವರ ಆಸ್ಥಾನದಲ್ಲಿ ನೆಲೆ ಕಂಡರು. ಶ್ರೀತತ್ತ್ವನಿಧಿಯಂಥ ಸಚಿತ್ರ ಮಹಾಗ್ರಂಥ ಸಿದ್ಧವಾದದ್ದು ಅವರ ಆಶ್ರಯದಲ್ಲೇ. ಕನ್ನಡ ನಾಡು ಈ ಋಣವನ್ನು ಮರೆಯಬಾರದು. ಆದರೆ ಕೇಳಿದವರಿಗೆ ಇಲ್ಲವೆನ್ನಲಾರದ ದೊರೆಯ ಔದಾರ್ಯಕ್ಕೆ ರಾಜ್ಯದ ಹುಟ್ಟುವಳಿ ಸಾಲಲಿಲ್ಲ. ಇನಾಮುಗಳು ಬೆಳೆದವು, ಅರಮನೆಯ ಪರಿವಾರ ಬೆಳೆಯಿತು. 1814ರ ಹೊತ್ತಿಗಾಗಲೇ ಪೂರ್ಣಯ್ಯನವರು ಕೂಡಿಟ್ಟದ್ದು ಕರಗಿಹೋಗಿದೆ, ಸೈನಿಕರ ಸಂಬಳ ಬಾಕಿ ಬಿದ್ದಿದೆ ಎಂದು ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟರು ವರದಿ ಕಳುಹಿಸಿದರು. ಹನ್ನೆರಡು ವರ್ಷದ ಗಳಿಕೆ ಮೂರು ವರ್ಷಕ್ಕೆ ಬರಲಿಲ್ಲ. ಆಮೇಲೆ ಸಾಹುಕಾರರ ಸಾಲ ಮೊದಲಾಯಿತು.

ಕೊರತೆ ಅರಮನೆಯಲ್ಲಿ ಹುಟ್ಟಿದರೂ ಅದರ ಭಾರ ಬಿದ್ದದ್ದು ಹಳ್ಳಿಯ ಮೇಲೆ. ಅದು ಅಲ್ಲಿಗೆ ಇಳಿದ ದಾರಿಗೆ ‘ಷರತ್ತು’ ಎಂದು ಹೆಸರು. ತಾಲೂಕಿನ ಅಮಲ್ದಾರನಾಗಬೇಕಾದವನು ಇಂತಿಷ್ಟು ಕಂದಾಯ ಎತ್ತಿಕೊಡುವೆನೆಂದು ಬರೆದುಕೊಡಬೇಕು. ಆ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಹೆಚ್ಚಿರುತ್ತಿತ್ತು. ವಸೂಲಿ ಕಡಿಮೆಯಾದರೆ ಅವನೇ ಕೈಯಿಂದ ತುಂಬಬೇಕು. ಇದರ ಜೊತೆಗೆ, ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ ಎಂದು ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತಿದ್ದರು. ಒಂದು ಕಾಗದ ಹೆಚ್ಚಿನ ಹಣ ಬೇಡುತ್ತಿತ್ತು. ಇನ್ನೊಂದು ಕಾಗದ ಆ ಹಣ ಬರುವ ದಾರಿಯನ್ನೇ ನಿಷೇಧಿಸುತ್ತಿತ್ತು. ಎರಡರಲ್ಲಿ ಯಾವುದು ಉಳಿದೀತೆಂಬುದು ಬರೆಸಿಕೊಂಡವರಿಗೂ ಗೊತ್ತಿತ್ತು, ಬರೆದವನಿಗೂ ಗೊತ್ತಿತ್ತು. ಹುದ್ದೆ ಹೆಚ್ಚು ಕೂಗಿದವನ ಪಾಲಾಯಿತು. ಕೂಗಿದ ಹಣ ರೈತನ ಕಣಜದಿಂದ ಬರಬೇಕಾಯಿತು.

1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು ಅರಸರಿಗೆ ಮುಖತಃ ಎಚ್ಚರಿಕೆ ಕೊಟ್ಟರು. ವರ್ಷವರ್ಷವೂ ಜಮಾಖರ್ಚಿನ ತಖ್ತೆ ಒಪ್ಪಿಸಬೇಕು, ಆಡಳಿತ ಸುಧಾರಿಸದಿದ್ದರೆ ನಾಲ್ಕನೆಯ ಕಲಮು ಜಾರಿಗೆ ಬಂದೀತು ಎಂದರು. ಕೆಲವು ದಿನ ಖರ್ಚು ತಗ್ಗಿತು. ಮತ್ತೆ ಹಳೆಯ ಚಾಳಿಯೇ ಮುಂದುವರಿಯಿತು.

ಮಲೆನಾಡಿನ ನಗರ ಪ್ರಾಂತದಲ್ಲಿ ತಾಳ್ಮೆಯ ಕಟ್ಟೆ ಒಡೆಯಿತು. ಹಿಂದೆ ಕೊಟ್ಟಿದ್ದ ಕಂದಾಯ ಮಾಫಿಗಳನ್ನು ಹೊಸ ಫೌಜುದಾರ ರದ್ದುಮಾಡಿ, ಹಳೆಯ ಬಾಕಿ ಕಟ್ಟಿರೆಂದು ಪಟ್ಟು ಹಿಡಿದಾಗ 1830ರಲ್ಲಿ ರೈತರು ಕೂಟ ಸೇರಿದರು. ಕಂದಾಯ ಕೊಡುವುದಿಲ್ಲವೆಂದರು. ಕೆಳದಿಯ ಅರಸು ಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದಾಳಾದ. ತರೀಕೆರೆಯ ಪಾಳೆಯಗಾರರೂ ಎದ್ದರು. ಅರಸರೇ ದಂಡು ಕಟ್ಟಿಕೊಂಡು ಚನ್ನರಾಯಪಟ್ಟಣದವರೆಗೆ ಹೋಗಬೇಕಾಯಿತು. ಸಂಬಳ ಕಾಣದ ಸೈನ್ಯದಿಂದ ದಂಗೆ ಅಡಗಲಿಲ್ಲ. ಕೊನೆಗೆ ಕಂಪನಿಯ ಪಡೆಗಳೇ ಬಂದು 1831ರ ಜೂನ್‌ನಲ್ಲಿ ನಗರವನ್ನು ಹಿಡಿದವು.

ಕಂಪನಿಗೆ ಬೇರೆ ನೆವ ಬೇಕಿರಲಿಲ್ಲ. 1831ರ ಅಕ್ಟೋಬರ್ 19ರಂದು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಅವರ ಆಜ್ಞೆಯಂತೆ ಮುಮ್ಮಡಿಯವರು ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟರು. ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲು ಅವರಿಗೆ ನಿಗದಿಯಾಯಿತು. ಇಷ್ಟು ಕಠಿಣ ಕ್ರಮ ಬೇಕಿತ್ತೇ ಎಂಬ ಪಶ್ಚಾತ್ತಾಪ ಮುಂದೆ ಸ್ವತಃ ಬೆಂಟಿಂಕ್‌ರನ್ನೇ ಕಾಡಿತು. ಆದರೆ ಹೋದ ರಾಜ್ಯ ಮರಳಲು ಐವತ್ತು ವರ್ಷ ಹಿಡಿಯಿತು.

ಮುಂದೆ ಕಂಪನಿಯ ಪರವಾಗಿ ಆಡಳಿತ ನಡೆಸಿದ ಕಮಿಷನರ್ ಮಾರ್ಕ್ ಕಬ್ಬನ್ ಕಡತಗಳನ್ನು ತೆರೆಸಿದಾಗ, ಕಾಸು ಬೇಕಾದ ಸರ್ಕಾರಗಳು ತಲೆಮಾರುಗಳಿಂದ ಜನರ ಮೇಲೆ ಹೇರುತ್ತ ಬಂದದ್ದು ಬೆಳಕಿಗೆ ಬಂದಿತು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಒಂದು ಊರಿನವರು, ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಇನ್ನೂ ತೆರಿಗೆ ಕಟ್ಟುತ್ತಿದ್ದರು. ನಗರದ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವರು ಸುಂಕ ತೆರಬೇಕಿತ್ತು. ಇಂಥ 769 ಬಾಬುಗಳನ್ನು ರದ್ದುಮಾಡಲಾಯಿತು. ಹಾಕಿದವರು ಯಾರೆಂದು ಮರೆತುಹೋದರೂ ಕಟ್ಟುವವರು ಕಟ್ಟುತ್ತಲೇ ಇದ್ದರು. ಒಮ್ಮೆ ಬೊಕ್ಕಸದ ತೂತು ಮುಚ್ಚಲು ಹಾಕಿದ ಬಾಬು ತಾನಾಗಿ ಅಳಿಯುವುದಿಲ್ಲ.

ಮುಮ್ಮಡಿಯವರು ಬದುಕಿರುವವರೆಗೂ ರಾಜ್ಯಕ್ಕಾಗಿ ಮನವಿ ಮಾಡುತ್ತಲೇ ಇದ್ದರು. ಅವರ ದತ್ತುಪುತ್ರನಿಗೆ ರಾಜ್ಯ ಮರಳಿಸುವ ತೀರ್ಮಾನ 1867ರಲ್ಲಿ ಆಯಿತು. ಮರುವರ್ಷ ಅವರು ತೀರಿಕೊಂಡರು. ರಾಜ್ಯ ಮರಳುವ ಮೊದಲೇ ಇನ್ನೊಂದು ವಿಪತ್ತು ಬಂದೆರಗಿತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ನಲುಗಿಹೋಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಕೂಡಿಟ್ಟಿದ್ದ ಉಳಿತಾಯವೆಲ್ಲ ಕರಗಿ 80 ಲಕ್ಷ ರೂಪಾಯಿ ಸಾಲ ತಲೆಗೇರಿತ್ತು. ಇದು ದುಂದಿನ ಸಾಲವಲ್ಲ, ಬರ ಹೊರಿಸಿದ ಸಾಲ. ಆದರೂ ತೀರಿಸಲೇಬೇಕಾದ ಸಾಲ.

1881ರ ಮಾರ್ಚ್ 25ರಂದು ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಅಧಿಕಾರ ವಹಿಸಿಕೊಂಡರು. ದಿವಾನರಾದ ರಂಗಾಚಾರ್ಲು ಅವರಿಗೆ ಈ ಚರಿತ್ರೆ ಅಂಗೈಯ ರೇಖೆಯಷ್ಟು ಪರಿಚಿತ. ಮುಮ್ಮಡಿಯವರು ತೀರಿಕೊಂಡ ಮೇಲೆ ಅರಮನೆಯ ಲೆಕ್ಕಪತ್ರಗಳನ್ನು ಹಸನುಗೊಳಿಸಿದವರಲ್ಲಿ ಅವರೂ ಒಬ್ಬರು. ಮೊದಲು ಸರ್ಕಾರದ ಖರ್ಚಿಗೇ ಕತ್ತರಿ ಹಾಕಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ಉಪವಿಭಾಗಗಳನ್ನಾಗಿ ಇಳಿಸಿದರು. ಹಾಗೆಂದು ಸಾಲಕ್ಕೆ ಹೆದರಿ ಕೈಕಟ್ಟಿ ಕೂರಲಿಲ್ಲ. ಬರದ ದಿನಗಳಲ್ಲಿ ನೆರವಿನ ಕಾಮಗಾರಿಯಾಗಿ ಮೊದಲಾಗಿದ್ದ ಬೆಂಗಳೂರು–ಮೈಸೂರು ರೈಲುದಾರಿಯನ್ನು ಮುಂದುವರಿಸಿದರು. ಉಣ್ಣಲು ಮಾಡುವ ಸಾಲ ಬೇರೆ, ನಾಳೆ ದುಡಿದುಕೊಡುವ ಕೆಲಸಕ್ಕೆ ಮಾಡುವ ಸಾಲ ಬೇರೆ ಎಂಬ ವಿವೇಕ ಅವರಲ್ಲಿತ್ತು.

ಆದರೆ ಅವರ ದೊಡ್ಡ ಕೆಲಸ ನಡೆದದ್ದು ಅದೇ ವರ್ಷ ಅಕ್ಟೋಬರ್ 7ರಂದು. ತಾಲೂಕು ತಾಲೂಕಿನ ರೈತರೂ ವರ್ತಕರೂ ಸೇರಿ 144 ಮಂದಿ ಮೈಸೂರಿನಲ್ಲಿ ನೆರೆದರು. ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವದು. ರಾಜ್ಯದ ಸ್ಥಿತಿ ಏನು, ಹಣ ಎಷ್ಟು ಬಂದಿತು, ಎಲ್ಲಿ ಹೋಯಿತು ಎಂಬುದನ್ನು ದಿವಾನರು ಅವರ ಮುಂದಿಟ್ಟರು. ಆಯವ್ಯಯವನ್ನು ತಿದ್ದುವ ಅಧಿಕಾರ ಸಭೆಗೆ ಇರಲಿಲ್ಲ. ಕೇಳಿ ತಿಳಿಯುವ, ಅಹವಾಲು ಹೇಳುವ ಅವಕಾಶವಷ್ಟೇ ಇತ್ತು. ಅಷ್ಟೇ ಆದರೂ ಅದು ಹಿರಿದಾದ ತಿರುವು. ಪೂರ್ಣಯ್ಯನವರ ಕಾಲದಲ್ಲಿ ಲೆಕ್ಕ ಒಬ್ಬ ದಕ್ಷನ ಕೈಯಲ್ಲಿತ್ತು, ಅವನೊಡನೆ ಹೋಯಿತು. ಮನ್ರೋ ಬೇಡಿದ ಲೆಕ್ಕ ಹೊರಗಿನ ಒಡೆಯನ ಕಣ್ಣಿಗಾಗಿತ್ತು, ಅದಕ್ಕೆ ಮನ್ನಣೆ ಸಿಗಲಿಲ್ಲ. ರಂಗಾಚಾರ್ಲು ಅವರು ಕಂದಾಯ ಕಟ್ಟುವವನನ್ನೇ ಎದುರು ಕೂರಿಸಿಕೊಂಡು ಲೆಕ್ಕ ಒಪ್ಪಿಸಿದರು. ರಾಜ್ಯದ ಸಾಲವನ್ನು ಕೊನೆಗೆ ತೀರಿಸುವವನು ಅವನೇ. ಅದು ಬೆಳೆಯುವ ಮೊದಲೇ ಅದನ್ನು ತಿಳಿಯುವ ಹಕ್ಕೂ ಅವನದೇ. ಮೈಸೂರು ಇದನ್ನು ಅರಿಯಲು ಐವತ್ತು ವರ್ಷಗಳ ಸ್ವಾತಂತ್ರ್ಯವನ್ನು ತೆರಬೇಕಾಯಿತು.