ಏಷ್ಯಾಖಂಡದ ಅಥ್ಲೆಟಿಕ್ ಸಂಸ್ಥೆಯ ಉತ್ಪತ್ತಿವಿಚಾರ

ಓಟ, ನೆಗೆತ, ಎಸೆತಗಳನ್ನು ಪ್ರಧಾನವಾಗಿ ಒಳಗೊಂಡ ಅಥ್ಲೆಟಿಕ್ಸ್ ಸ್ಪರ್ಧೆಗಳಿಗೆ ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಏರ್ಪಟ್ಟಿತು. ದಕ್ಷಿಣ ಅಮೆರಿಕದ ರಾಷ್ಟ್ರಗಳು ೧೯೧೮ರಲ್ಲಿಯೇ ತಮ್ಮದೊಂದು ಒಕ್ಕೂಟವನ್ನು ಕಟ್ಟಿಕೊಂಡುವು. ಯೂರೋಪಿನವರು ೧೯೩೪ರಲ್ಲಿ ಟ್ಯೂರಿನ್ ನಗರದಲ್ಲಿ ತಮ್ಮ ಖಂಡದ ಮೊದಲನೆಯ ಪಂದ್ಯಗಳನ್ನು ನಡೆಯಿಸಿದರು. ಏಷ್ಯದಲ್ಲಾದರೋ ಅಥ್ಲೆಟಿಕ್ಸಿಗೇ ಮೀಸಲಾದ, ಇಡೀ ಖಂಡದ ಸಂಸ್ಥೆ ನೆಲೆಗೊಂಡುದು ೧೯೭೩ರಲ್ಲಿ. ಈ ವಿಳಂಬಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಖಂಡದ ವಿಸ್ತಾರ, ಪ್ರಯಾಣದ ಕಷ್ಟ, ಅನೇಕ ದೇಶಗಳ ಪರಾಧೀನತೆ ಇವೇ ಕಾರಣಗಳೆಂದು ಪೂರ್ವಪಕ್ಷವನ್ನು ಹೂಡಬಹುದು. ಇವು ಸುಳ್ಳಲ್ಲ, ಆದರೆ ಸಾಕಾಗುವುದಿಲ್ಲ. ಏಕೆಂದರೆ ಫಿಲಿಪೀನ್ಸ್, ಚೀನ, ಜಪಾನುಗಳು ಸೇರಿ ೧೯೧೩ರಲ್ಲಿ ಮನಿಲಾ ನಗರದಲ್ಲಿ ಆರಂಭಿಸಿದ ದೂರಪ್ರಾಚ್ಯ ಕ್ರೀಡಾಕೂಟವು ೧೯೩೪ರ ವರೆಗೆ ಹತ್ತು ಸಲ ನಡೆಯಿತು. ಅದು ಮುರಿದುಬಿದ್ದುದು ಹಣದ ಕೊರತೆಯಿಂದಲ್ಲ. ಜಪಾನು ತಾನು ಸ್ಥಾಪಿಸಿದ ಮಂಚುಕುವೊ ರಾಜ್ಯಕ್ಕೂ ಪ್ರವೇಶವಿರಬೇಕೆಂದು ಹಟಹಿಡಿಯಿತು; ತನ್ನ ನೆಲವನ್ನೇ ಕಿತ್ತು ಮಾಡಿದ ರಾಜ್ಯವನ್ನು ಚೀನವು ಒಪ್ಪಲಿಲ್ಲ; ಒಕ್ಕೂಟವು ಒಡೆಯಿತು. ಅದೇ ವರ್ಷ ದೆಹಲಿಯಲ್ಲಿ ಭಾರತ, ಅಫ್ಘಾನಿಸ್ತಾನ, ಸಿಂಹಳ, ಪ್ಯಾಲೆಸ್ಟೈನುಗಳು ಕೂಡಿ ಪಶ್ಚಿಮ ಏಷ್ಯಾ ಕ್ರೀಡಾಕೂಟವನ್ನು ನಡೆಯಿಸಿದುವು. ಅದಕ್ಕೆ ಎರಡನೆಯ ಆವೃತ್ತಿಯೇ ಒದಗಲಿಲ್ಲ. ಆದಕಾರಣ ಸ್ಪರ್ಧೆಯನ್ನು ನಡೆಯಿಸುವ ಶಕ್ತಿ ಏಷ್ಯಕ್ಕೆ ಇದ್ದಿತು. ಯಾರು ತಮ್ಮವರು ಎಂಬ ನಿರ್ಣಯವೇ ಇರಲಿಲ್ಲ.

ಈ ಎರಡು ಕವಲುಗಳನ್ನು ಒಂದುಗೂಡಿಸುವ ಯತ್ನವನ್ನು ಕೈಕೊಂಡವರು ಲಾಹೋರಿನ ಸರ್ಕಾರಿ ಕಾಲೇಜಿನ ಮುಖ್ಯಾಧ್ಯಾಪಕರಾಗಿದ್ದ ಗುರುದತ್ತ ಸೋಂಧಿಯವರು. ೧೯೪೮ರಲ್ಲಿ ಲಂಡನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಏಷ್ಯದ ಪ್ರತಿನಿಧಿಗಳು ಕಲೆತಾಗ ಅವರು ಮೊದಲು ಉದ್ದೇಶಿಸಿದುದು ಅಥ್ಲೆಟಿಕ್ಸಿನ ಒಕ್ಕೂಟವನ್ನೇ. ಆದರೆ ೧೯೪೯ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲಾ ಭವನದಲ್ಲಿ ಅದು ರೂಪುಗೊಳ್ಳುವಷ್ಟರಲ್ಲಿ ಎಲ್ಲ ಆಟಗಳನ್ನೂ ಒಳಗೊಳ್ಳುವ ಏಷ್ಯಾ ಕ್ರೀಡಾಕೂಟಗಳ ಒಕ್ಕೂಟವಾಗಿ ಪರಿಣಮಿಸಿತು. ೧೯೫೧ರ ಮಾರ್ಚಿಯಲ್ಲಿ ಹನ್ನೊಂದು ರಾಷ್ಟ್ರಗಳು ದೆಹಲಿಯಲ್ಲಿ ಸೇರಿದುವು. ಫಲವು ದೊಡ್ಡದಾಯಿತು; ಬಿತ್ತಿದ ಬೀಜ ಮಾತ್ರ ಮರೆಯಾಯಿತು. ಅಥ್ಲೆಟಿಕ್ಸಿಗೆ ಖಂಡದಲ್ಲಿ ತನ್ನದೇ ಆದ ಧ್ವನಿಯಿಲ್ಲದೆ ಇಪ್ಪತ್ತನಾಲ್ಕು ವರ್ಷಗಳು ಕಳೆದುವು.

ಇದರ ಪರಿಣಾಮ ೧೯೬೨ರಲ್ಲಿ ಜಕಾರ್ತದಲ್ಲಿ ಸ್ಪಷ್ಟವಾಯಿತು. ಇಸ್ರೇಲಿನವರಿಗೂ ತೈವಾನಿನವರಿಗೂ ಇಂಡೊನೇಷ್ಯದ ಸರ್ಕಾರವು ಪ್ರವೇಶಪತ್ರಗಳನ್ನು ಕೊಡಲಿಲ್ಲ. ಸದಸ್ಯರನ್ನು ಹೊರಗಿರಿಸಿದ ಕೂಟವು ಏಷ್ಯಾ ಕ್ರೀಡಾಕೂಟವೆಂಬ ಹೆಸರಿಗೆ ಅರ್ಹವಲ್ಲವೆಂದು ಸೋಂಧಿಯವರು ಆಕ್ಷೇಪಿಸಿದರು. ಜನಸಮೂಹವು ಭಾರತದ ರಾಯಭಾರ ಕಚೇರಿಯ ಮೇಲೆ ಏರಿಹೋಯಿತು. ಸೋಂಧಿಯವರು ನಗರವನ್ನು ಬಿಡಬೇಕಾಯಿತು. ತಾವೇ ಕಟ್ಟಿದ ಮನೆಯಲ್ಲಿ ಮನೆಯ ಕಟ್ಟಳೆಯನ್ನು ನೆನಪಿಸಿದುದೇ ಅವರ ಅಪರಾಧವೆನಿಸಿತು. ೧೯೬೩ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇಂಡೊನೇಷ್ಯವನ್ನು ಅಮಾನತಿನಲ್ಲಿಟ್ಟಿತು.

೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನ ಕಾಲದಲ್ಲಿ ಏಷ್ಯದ ಪ್ರತಿನಿಧಿಗಳು ಮತ್ತೆ ಆಲೋಚನೆ ನಡೆಯಿಸಿ, ಮರುವರ್ಷ ಅಥ್ಲೆಟಿಕ್ ಸಂಸ್ಥೆಯನ್ನು ಪ್ರತ್ಯೇಕವಾಗಿ ಸ್ಥಾಪಿಸಿದರು. ಅದರ ಮೊದಲನೆಯ ಪಂದ್ಯಗಳು ೧೯೭೩ರ ನವೆಂಬರಿನಲ್ಲಿ ಫಿಲಿಪೀನ್ಸಿನ ಮರಿಕಿನದಲ್ಲಿ ಜರುಗಿದುವು. ಸದಸ್ಯತ್ವದ ಪ್ರಶ್ನೆ ಅಷ್ಟರಿಂದಲೇ ಅಡಗಲಿಲ್ಲ. ೧೯೭೪ರ ಟೆಹರಾನ್ ಏಷ್ಯಾ ಕ್ರೀಡಾಕೂಟದಲ್ಲಿ ಇಸ್ರೇಲಿನ ಎಸ್ತರ್ ರೋತ್ ಮೂರು ಚಿನ್ನದ ಪದಕಗಳನ್ನು ಗೆದ್ದರು. ೧೯೭೮ರ ಬ್ಯಾಂಕಾಕ್ ಕೂಟದಲ್ಲಿ ಅವರ ದೇಶಕ್ಕೇ ಎಡೆಯಿರಲಿಲ್ಲ. ಆದರೂ ಸಂಸ್ಥೆಯ ಪಂದ್ಯಗಳು ನೆಲೆನಿಂತುವು. ೧೯೬೨ರಲ್ಲಿ ಕಲಹವನ್ನು ಕಂಡ ಅದೇ ಜಕಾರ್ತದಲ್ಲಿ, ೧೯೮೫ರ ಏಷ್ಯಾ ಅಥ್ಲೆಟಿಕ್ ಪಂದ್ಯಗಳಲ್ಲಿ, ಭಾರತದ ಪಿ. ಟಿ. ಉಷಾ ಐದು ಚಿನ್ನದ ಪದಕಗಳನ್ನೂ ಒಂದು ಕಂಚಿನ ಪದಕವನ್ನೂ ಪಡೆದರು.

ಖಂಡಶಬ್ದವು ಭೇದನಾರ್ಥಕವಾದ ಧಾತುವಿನಿಂದ ಬಂದುದು. ಕತ್ತರಿಸಲ್ಪಟ್ಟ ಭಾಗವೆಂದು ಅದರ ಅರ್ಥ. ಎಲ್ಲಿ ಕತ್ತರಿಸಬೇಕೆಂಬುದನ್ನು ಭೂಗೋಳವು ಒಂದು ರೀತಿಯಾಗಿ ಹೇಳಿದರೆ, ಕ್ರೀಡಾಸಂಸ್ಥೆಗಳ ಇತಿಹಾಸವು ಮತ್ತೊಂದು ರೀತಿಯಾಗಿ ಹೇಳುತ್ತದೆ. ಇಸ್ರೇಲು ಇಂದು ಯೂರೋಪಿನ ಅಥ್ಲೆಟಿಕ್ ಸಂಸ್ಥೆಯ ಸದಸ್ಯ. ೧೯೯೧ರ ವರೆಗೆ ಸೋವಿಯತ್ ಒಕ್ಕೂಟದೊಡನೆ ಯೂರೋಪಿನ ಪಾಳೆಯದಲ್ಲಿದ್ದ ಕಜಕಸ್ತಾನ, ಉಜ್ಬೆಕಿಸ್ತಾನ ಮುಂತಾದುವು ಏಷ್ಯಾ ಸಂಸ್ಥೆಯಲ್ಲಿವೆ. ಅದರ ಸದಸ್ಯಸಂಖ್ಯೆ ೪೫. ಭೂಮಿಯು ಕದಲಲಿಲ್ಲ, ಎಲ್ಲೆ ಕದಲಿತು. ಆದ್ದರಿಂದ ಖಂಡವೆಂಬುದು ಇಲ್ಲಿ ನೆಲದ ಹೆಸರಲ್ಲ, ಒಡಂಬಡಿಕೆಯ ಹೆಸರು ಎಂದು ಸಿದ್ಧವಾಗುತ್ತದೆ. ಒಡಂಬಡಿಕೆ ಇಲ್ಲದಿದ್ದಾಗ ಹತ್ತು ಕೂಟಗಳ ದುಡಿಮೆಯೂ ಉಳಿಯಲಿಲ್ಲವೆಂಬುದು ೧೯೩೪ರ ಪಾಠ; ಬರೆದಿಟ್ಟ ಒಡಂಬಡಿಕೆಯೂ ಆಚರಣೆಗೆ ಬಾರದಿದ್ದರೆ ರಕ್ಷಿಸಲಾರದೆಂಬುದು ೧೯೬೨ರ ಪಾಠ.