ಎಡ್ಡಿ ಮರ್ಫಿಯ ಎಂಟು ಕೆಟ್ಟ ಸಿನಿಮಾಗಳು: ಸೋತವುಗಳಿಗಿಂತ ಗೆದ್ದದ್ದೇ ಕೆಟ್ಟದ್ದು

ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದ ಕಾಲ. ಮೂರು ಕ್ಯಾಸೆಟ್ ತಂದರೆ ಎರಡು ಕನ್ನಡದ್ದು, ಒಂದು ಅಣ್ಣನ ಹಟಕ್ಕೆ ಇಂಗ್ಲಿಷ್‌ದು. ಹಾಗೆ ಬಂದದ್ದು ‘ಬೆವರ್ಲಿ ಹಿಲ್ಸ್ ಕಾಪ್’. ಅದರಲ್ಲೊಬ್ಬ ಪೊಲೀಸ್, ತನ್ನ ಬೆನ್ನು ಹತ್ತಿದ ಬೇರೆ ಪೊಲೀಸರ ಕಾರಿನ ಸೈಲೆನ್ಸರ್ ಪೈಪಿಗೆ ಬಾಳೆಹಣ್ಣು ತುರುಕುತ್ತಾನೆ. ನಮ್ಮನೆಯಲ್ಲಿ ಯಾರಿಗೂ ಆ ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ. ಆದರೂ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಭಾಷೆ ಬಾರದವರನ್ನೂ ಬರೀ ಮುಖದಿಂದ, ಆ ಕತ್ತೆ ಕಿರುಚಿದಂಥ ನಗೆಯಿಂದ ನಗಿಸಿದವನು ಎಡ್ಡಿ ಮರ್ಫಿ.

ಅಂಥವನ ಕೆಟ್ಟ ಸಿನಿಮಾಗಳ ಪಟ್ಟಿ ಯಾಕೆ ಮಾಡಬೇಕು ಅಂತ ಕೇಳಬಹುದು. ಅಭಿಮಾನಿಗಳು ಮಾಡದಿದ್ದರೆ ಗಲ್ಲಾಪೆಟ್ಟಿಗೆಯವರು ಮಾಡ್ತಾರೆ. ಅವರಿಗೆ ಸೋತದ್ದೆಲ್ಲ ಕೆಟ್ಟದ್ದು, ಗೆದ್ದದ್ದೆಲ್ಲ ಒಳ್ಳೆಯದು. ಆ ಲೆಕ್ಕ ತಪ್ಪು ಅನ್ನೋದೇ ನನ್ನ ವಾದ.

ಮೊದಲು ಒಂದಿಷ್ಟು ಹಿನ್ನೆಲೆ

1961ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಮರ್ಫಿ, 1980ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮ ಸೇರಿದಾಗ ವಯಸ್ಸು 19. ಆಗ ನೆಲಕಚ್ಚುತ್ತಿದ್ದ ಆ ಕಾರ್ಯಕ್ರಮವನ್ನು ಎತ್ತಿ ನಿಲ್ಲಿಸಿದವನು ಅವನೇ ಎಂಬ ಮಾತಿದೆ. ‘48 ಅವರ್ಸ್’ (1982), ‘ಟ್ರೇಡಿಂಗ್ ಪ್ಲೇಸಸ್’ (1983), ‘ಬೆವರ್ಲಿ ಹಿಲ್ಸ್ ಕಾಪ್’ (1984) ಒಂದರ ಹಿಂದೆ ಒಂದು ಗೆದ್ದವು. ಮೂರನೆಯದು ಅಮೆರಿಕ, ಕೆನಡಾದಲ್ಲೇ 23 ಕೋಟಿ ಡಾಲರ್ ದಾಟಿತು. ಕಪ್ಪು ನಟನೊಬ್ಬ ಒಬ್ಬಂಟಿಯಾಗಿ ಇಷ್ಟು ದೊಡ್ಡ ಚಿತ್ರವನ್ನು ಹೊತ್ತು ಸಾಗಬಲ್ಲ ಅನ್ನೋದನ್ನ ಹಾಲಿವುಡ್ ಒಪ್ಪಿಕೊಳ್ಳಲೇಬೇಕಾಯ್ತು.

ಆರಾಧನೆ ಬೇಡ. ಅದೇ ಕಾಲದ ಅವನ ಸ್ಟ್ಯಾಂಡ್‌ಅಪ್ ‘ಡಿಲಿರಿಯಸ್’ನಲ್ಲಿ ಸಲಿಂಗಿಗಳ ಬಗ್ಗೆ, ಏಡ್ಸ್ ಬಗ್ಗೆ ಇರುವ ಜೋಕುಗಳನ್ನು ಇವತ್ತು ಕೇಳೋಕಾಗಲ್ಲ. 1996ರಲ್ಲಿ ಅವನೇ ಅದಕ್ಕೆ ಕ್ಷಮೆ ಕೇಳಿದ. ಈ ವಿಷಯ ನೆನಪಿಟ್ಟುಕೊಳ್ಳಿ, ಪಟ್ಟಿಯ ಕೊನೆಯಲ್ಲಿ ಬೇಕಾಗುತ್ತೆ.

ಇನ್ನು ಪಟ್ಟಿ. ಎಂಟರಿಂದ ಒಂದಕ್ಕೆ, ಕಡಿಮೆ ಕೆಟ್ಟದ್ದರಿಂದ ಅತಿ ಕೆಟ್ಟದ್ದಕ್ಕೆ.

8. ಬೆಸ್ಟ್ ಡಿಫೆನ್ಸ್ (1984)
ನಿರ್ದೇಶನ: ವಿಲ್ಲರ್ಡ್ ಹೈಕ್. ಅಮೆರಿಕದ ಗಳಿಕೆ ಸುಮಾರು 1.9 ಕೋಟಿ ಡಾಲರ್.

ಇದು ಮರ್ಫಿಯ ಸಿನಿಮಾನೇ ಅಲ್ಲ. ಡಡ್ಲಿ ಮೂರ್ ನಾಯಕನಾಗಿದ್ದ ಚಿತ್ರವನ್ನು ಪರೀಕ್ಷಾ ಪ್ರದರ್ಶನದಲ್ಲಿ ನೋಡಿದ ಜನ ಮೂಗು ಮುರಿದರು. ಗಾಬರಿಯಾದ ಸ್ಟುಡಿಯೋ ಮರ್ಫಿಯನ್ನು ಕರೆತಂದು, ಕುವೈತ್‌ನಲ್ಲಿ ಯುದ್ಧ ಟ್ಯಾಂಕ್ ಓಡಿಸುವ ದೃಶ್ಯಗಳನ್ನು ಪ್ರತ್ಯೇಕವಾಗಿ ಶೂಟ್ ಮಾಡಿ ಮಧ್ಯೆ ಮಧ್ಯೆ ಹೊಲಿಯಿತು. ಇಡೀ ಚಿತ್ರದಲ್ಲಿ ಮೂರ್ ಮತ್ತು ಮರ್ಫಿ ಒಮ್ಮೆಯೂ ಎದುರಾಗೋದಿಲ್ಲ. ಅದೇ ಡಿಸೆಂಬರ್‌ನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ಗೆ ಅತಿಥಿಯಾಗಿ ಬಂದ ಮರ್ಫಿ, ವೇದಿಕೆ ಮೇಲೆ ನಿಂತು ಈ ಚಿತ್ರವನ್ನು ತಾನೇ ಗೇಲಿ ಮಾಡಿದ. ಹಾಗೆ ತನ್ನನ್ನೇ ಗೇಲಿ ಮಾಡಿಕೊಂಡವನನ್ನು ಕ್ಷಮಿಸಬಹುದು. ಹಾಗಾಗಿ ಎಂಟನೇ ಸ್ಥಾನ.

7. ಬೆವರ್ಲಿ ಹಿಲ್ಸ್ ಕಾಪ್ 3 (1994)
ನಿರ್ದೇಶನ: ಜಾನ್ ಲ್ಯಾಂಡಿಸ್. ಅಮೆರಿಕದ ಗಳಿಕೆ ಸುಮಾರು 4.3 ಕೋಟಿ ಡಾಲರ್.

ಮೊದಲ ಭಾಗದ ಗಳಿಕೆಯ ಐದನೇ ಒಂದು ಭಾಗವೂ ಅಲ್ಲ. ಕಥೆ ನಡೆಯೋದು ಒಂದು ಥೀಮ್ ಪಾರ್ಕಿನಲ್ಲಿ. ಮರ್ಫಿಗೆ ಆಗ ನಗಿಸೋದೇ ಬೇಡವಾಗಿತ್ತು, ಗಂಭೀರ ಆ್ಯಕ್ಷನ್ ಹೀರೋ ಆಗಬೇಕಿತ್ತು ಅಂತ ಲ್ಯಾಂಡಿಸ್ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದುಂಟು. ನೋಡಿದರೆ ಹಾಗೇ ಅನ್ಸುತ್ತೆ. ಆ್ಯಕ್ಸೆಲ್ ಫೋಲಿ ಇಡೀ ಚಿತ್ರದಲ್ಲಿ ಕೆಲಸ ಮುಗಿಸಿ ಮನೆಗೆ ಹೋಗೋ ಆತುರದಲ್ಲಿರೋ ಗುಮಾಸ್ತನ ಹಾಗೆ ಕಾಣ್ತಾನೆ.

6. ವ್ಯಾಂಪೈರ್ ಇನ್ ಬ್ರೂಕ್ಲಿನ್ (1995)
ನಿರ್ದೇಶನ: ವೆಸ್ ಕ್ರೇವನ್. ಅಮೆರಿಕದ ಗಳಿಕೆ ಸುಮಾರು 2 ಕೋಟಿ ಡಾಲರ್.

ಭಯದ ಚಿತ್ರಗಳ ದೊಡ್ಡ ನಿರ್ದೇಶಕ, ಜೊತೆಗೆ ಏಂಜೆಲಾ ಬ್ಯಾಸೆಟ್‌ಳಂಥ ನಟಿ. ಆದರೂ ಹೆದರಿಸೋದೂ ಇಲ್ಲ, ನಗಿಸೋದೂ ಇಲ್ಲ. ಕಾರಣ ಮರ್ಫಿಯೇ 2011ರ ಸಂದರ್ಶನವೊಂದರಲ್ಲಿ ಬಿಚ್ಚಿಟ್ಟ: ಪ್ಯಾರಾಮೌಂಟ್ ಜೊತೆಗಿನ ಒಪ್ಪಂದದಿಂದ ಬಿಡಿಸಿಕೊಂಡು ‘ದಿ ನಟ್ಟಿ ಪ್ರೊಫೆಸರ್’ ಮಾಡಬೇಕಿದ್ದರೆ ಮೊದಲು ಇದನ್ನು ಮುಗಿಸಿಕೊಡಬೇಕಿತ್ತು. ಅಂದರೆ ಇದು ಸಾಲ ತೀರಿಸೋಕೆ ಮಾಡಿದ ಸಿನಿಮಾ. ಇದರ ಚಿತ್ರೀಕರಣದಲ್ಲಿ ಎತ್ತರದಿಂದ ಜಿಗಿಯುವ ದೃಶ್ಯದಲ್ಲಿ ಸ್ಟಂಟ್ ಕಲಾವಿದೆಯೊಬ್ಬರು ಪೆಟ್ಟಾಗಿ ಪ್ರಾಣ ಕಳೆದುಕೊಂಡರು. ಒಂದು ಒಪ್ಪಂದ ತೀರಿಸೋಕೆ ತೆಗೆದ ಚಿತ್ರಕ್ಕೆ ಅದು ತೆರಬಾರದ ಬೆಲೆ.

5. ಮೀಟ್ ಡೇವ್ (2008)
ನಿರ್ದೇಶನ: ಬ್ರಯಾನ್ ರಾಬಿನ್ಸ್. ವೆಚ್ಚ ಸುಮಾರು 6 ಕೋಟಿ, ಜಾಗತಿಕ ಗಳಿಕೆ ಸುಮಾರು 5 ಕೋಟಿ ಡಾಲರ್.

ಮನುಷ್ಯನ ಆಕಾರದ ಅಂತರಿಕ್ಷ ನೌಕೆ. ಅದರೊಳಗೆ ಬೆರಳುದ್ದದ ಅನ್ಯಗ್ರಹ ಜೀವಿಗಳು. ಬಂದಿರೋದು ಭೂಮಿಯ ಸಮುದ್ರದ ಉಪ್ಪಿಗಾಗಿ. ಕೇಳೋಕೆ ಮಜವಾಗಿದೆ ಅಲ್ವಾ? ಮರ್ಫಿಯ ನಡಿಗೆ, ಕೈಕಾಲಿನ ಆಟ ಮೊದಲ ಕಾಲು ಗಂಟೆ ಚೆನ್ನಾಗೇ ಇದೆ. ಆಮೇಲೆ ಅದೇ ಜೋಕು ಮತ್ತೆ ಮತ್ತೆ ಬರುತ್ತೆ. ಮಕ್ಕಳಿಗೆ ತೋರಿಸಿ, ಬೈಯಲ್ಲ. ನೀವು ಪಕ್ಕದಲ್ಲಿ ಕೂರಬೇಡಿ.

4. ಹೋಲಿ ಮ್ಯಾನ್ (1998)
ನಿರ್ದೇಶನ: ಸ್ಟೀಫನ್ ಹೆರೆಕ್. ವೆಚ್ಚ ಸುಮಾರು 6 ಕೋಟಿ, ಅಮೆರಿಕದ ಗಳಿಕೆ ಸುಮಾರು 1.2 ಕೋಟಿ ಡಾಲರ್.

ಹೆಸರು ‘ಜಿ’ ಅಂತ ಒಂದೇ ಅಕ್ಷರ, ಬಿಳಿ ಅಂಗಿ, ಬೋಳು ತಲೆ, ಮುಖದಲ್ಲಿ ಸದಾ ಮುಗುಳ್ನಗು. ಈ ಅಲೆಮಾರಿ ಸಾಧು ಟಿವಿ ಶಾಪಿಂಗ್ ಚಾನೆಲ್‌ಗೆ ಬಂದು, ಉಪದೇಶ ಮಾಡ್ತಾನೇ ಸಾಮಾನು ಮಾರಿಸ್ತಾನೆ. ಬೆಳಗ್ಗೆ ಟಿವಿ ಹಾಕಿದರೆ ಭವಿಷ್ಯ, ರುದ್ರಾಕ್ಷಿ, ಯಂತ್ರ ಎಲ್ಲ ಒಟ್ಟಿಗೇ ಮಾರಾಟವಾಗೋದನ್ನ ನೋಡಿರುವ ನಮಗೆ ಇದಕ್ಕಿಂತ ಒಳ್ಳೆ ವಿಡಂಬನೆಯ ವಸ್ತು ಬೇಕಿತ್ತಾ? ಚಿತ್ರಕ್ಕೆ ಆ ಧೈರ್ಯ ಇಲ್ಲ. ಸಾಧುವನ್ನೂ ಕುಟುಕಲ್ಲ, ವ್ಯಾಪಾರವನ್ನೂ ಕುಟುಕಲ್ಲ. ಮರ್ಫಿಯಂಥ ಮಾತುಗಾರನನ್ನು ಸುಮ್ಮನೆ ನಗ್ತಾ ಕೂರಿಸಿದೆ.

3. ಎ ಥೌಸಂಡ್ ವರ್ಡ್ಸ್ (2012)
ನಿರ್ದೇಶನ: ಬ್ರಯಾನ್ ರಾಬಿನ್ಸ್. ವೆಚ್ಚ ಸುಮಾರು 4 ಕೋಟಿ, ಜಾಗತಿಕ ಗಳಿಕೆ ಸುಮಾರು 2.2 ಕೋಟಿ ಡಾಲರ್.

ಪುಸ್ತಕದ ಏಜೆಂಟ್ ಒಬ್ಬ ಗುರುವಿಗೆ ಸುಳ್ಳು ಹೇಳ್ತಾನೆ. ಅವನ ಹಿತ್ತಲಲ್ಲಿ ಬೋಧಿ ವೃಕ್ಷ ಏಳುತ್ತೆ. ಅವನು ಆಡುವ ಒಂದೊಂದು ಮಾತಿಗೂ ಒಂದೊಂದು ಎಲೆ ಉದುರುತ್ತೆ. ಕೊನೆಯ ಎಲೆ ಬಿದ್ದರೆ ಸಾವು. ಮರ್ಫಿಯ ಆಸ್ತಿಯೇ ಬಾಯಿ. ಆ ಬಾಯಿಯನ್ನು ಕಟ್ಟಿ ಒಂದೂವರೆ ಗಂಟೆಯ ಕಾಮಿಡಿ ಮಾಡಿದ್ದಾರೆ. 2008ರಲ್ಲಿ ಶೂಟ್ ಆಗಿ ನಾಲ್ಕು ವರ್ಷ ಡಬ್ಬದಲ್ಲಿ ಕೂತಿತ್ತು. ಬಿಡುಗಡೆಯಾದ ಮೇಲೆ ‘ರಾಟನ್ ಟೊಮ್ಯಾಟೋಸ್’ ತಾಣದಲ್ಲಿ ವಿಮರ್ಶಕರಿಂದ ಸಿಕ್ಕಿದ್ದು ಸೊನ್ನೆ ಶೇಕಡಾ.

2. ದಿ ಅಡ್ವೆಂಚರ್ಸ್ ಆಫ್ ಪ್ಲೂಟೋ ನ್ಯಾಶ್ (2002)
ನಿರ್ದೇಶನ: ರಾನ್ ಅಂಡರ್‌ವುಡ್. ವೆಚ್ಚ ಸುಮಾರು 10 ಕೋಟಿ, ಜಾಗತಿಕ ಗಳಿಕೆ ಸುಮಾರು 71 ಲಕ್ಷ ಡಾಲರ್.

ಸಂಖ್ಯೆ ತಪ್ಪಿಲ್ಲ. ಹತ್ತು ಕೋಟಿ ಹಾಕಿ ಒಂದು ಕೋಟಿಯೂ ಬರಲಿಲ್ಲ. ಹಾಲಿವುಡ್‌ನ ದೊಡ್ಡ ನಷ್ಟಗಳ ಪಟ್ಟಿ ಯಾರೇ ಮಾಡಿದರೂ ಇದರ ಹೆಸರು ಬರುತ್ತೆ. 2087ನೇ ಇಸವಿ, ಚಂದ್ರನ ಮೇಲೆ ನೈಟ್‌ಕ್ಲಬ್, ಅದನ್ನು ಕಿತ್ತುಕೊಳ್ಳೋಕೆ ಬಂದ ಗೂಂಡಾಗಳು. 2000ದಲ್ಲಿ ಶೂಟ್ ಆಗಿ ಎರಡು ವರ್ಷ ತಡವಾಗಿ ಬಂತು. ಚಂದ್ರ ಅಂದರೆ ಗಾಜಿನ ಗೋಪುರದ ಕೆಳಗಿನ ಶಾಪಿಂಗ್ ಮಾಲ್ ಹಾಗಿದೆ. ಆದರೆ ನಿಜ ಹೇಳ್ಬೇಕಂದ್ರೆ, ಇದು ಯಾರಿಗೂ ನೋವು ಮಾಡೋ ಚಿತ್ರ ಅಲ್ಲ. ಬೇಸರ ಬರಿಸುತ್ತೆ, ಅಷ್ಟೇ. ಹೆಚ್ಚಿನವರು ಇದಕ್ಕೇ ಮೊದಲ ಸ್ಥಾನ ಕೊಡ್ತಾರೆ. ನಾನು ಕೊಡಲ್ಲ.

1. ನಾರ್ಬಿಟ್ (2007)
ನಿರ್ದೇಶನ: ಬ್ರಯಾನ್ ರಾಬಿನ್ಸ್. ವೆಚ್ಚ ಸುಮಾರು 6 ಕೋಟಿ, ಜಾಗತಿಕ ಗಳಿಕೆ ಸುಮಾರು 15.9 ಕೋಟಿ ಡಾಲರ್.

ಈ ಪಟ್ಟಿಯಲ್ಲಿ ಅತಿ ಹೆಚ್ಚು ದುಡ್ಡು ಮಾಡಿದ ಚಿತ್ರ ಇದು. ಮರ್ಫಿಗೆ ಮೂರು ಪಾತ್ರ: ಅನಾಥ ಸೌಮ್ಯ ನಾರ್ಬಿಟ್, ಅವನನ್ನು ಹೆದರಿಸಿ ಮದುವೆಯಾಗುವ ದಪ್ಪ ದೇಹದ ರಾಸ್ಪ್ಯೂಷಿಯಾ, ಅನಾಥಾಲಯ ನಡೆಸುವ ಚೀನೀ ಮುದುಕ ಮಿಸ್ಟರ್ ವಾಂಗ್. ರಿಕ್ ಬೇಕರ್ ಮತ್ತು ಕಜುಹಿರೊ ತ್ಸುಜಿ ಮಾಡಿದ ಮೇಕಪ್ ಎಷ್ಟು ಅದ್ಭುತ ಅಂದರೆ ಅದಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅದೇ ಚಿತ್ರಕ್ಕೆ ಮರ್ಫಿಗೆ ಮೂರು ರ‍್ಯಾಜಿ ‘ಪ್ರಶಸ್ತಿ’ ಬಂತು: ಕೆಟ್ಟ ನಟ, ಕೆಟ್ಟ ಪೋಷಕ ನಟ, ಕೆಟ್ಟ ಪೋಷಕ ನಟಿ.

ರಾಸ್ಪ್ಯೂಷಿಯಾ ದಪ್ಪ ಇರೋದೇ ಜೋಕು. ಕಾರಿಗೆ ಹತ್ತಿದರೆ ಜೋಕು, ಈಜುಡುಗೆ ತೊಟ್ಟರೆ ಜೋಕು, ಹಾಸಿಗೆ ಮೇಲೆ ಕೂತರೆ ಜೋಕು. ಆಕೆ ಕೆಟ್ಟವಳು ಅಂತ ಕಥೆ ಹೇಳುತ್ತೆ, ಕ್ಯಾಮೆರಾ ಮಾತ್ರ ಆಕೆಯ ಕೆಟ್ಟತನಕ್ಕಿಂತ ಮೈಯನ್ನೇ ತೋರಿಸುತ್ತೆ. ನಾಯಕ ಕೊನೆಗೆ ಸೇರೋದು ತೆಳ್ಳಗಿನ, ತಿಳಿಬಣ್ಣದ ಹುಡುಗಿಯನ್ನ. ಗಂಡಸು ಹೆಣ್ಣುವೇಷ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರು ನಾವು. ಅಲ್ಲಿ ವೇಷಧಾರಿ ಹೆಣ್ಣಿನೊಳಗೆ ಇಳೀತಾನೆ. ಇಲ್ಲಿ ಹೆಣ್ಣನ್ನು ಎದುರಿಗೆ ನಿಲ್ಲಿಸಿ ಕಲ್ಲು ಹೊಡೀತಾನೆ.

ಬೇಸರ ಇನ್ನೂ ಹೆಚ್ಚಾಗೋದು ‘ದಿ ನಟ್ಟಿ ಪ್ರೊಫೆಸರ್’ (1996) ನೆನಪಾದಾಗ. ಅಲ್ಲೂ ರಿಕ್ ಬೇಕರ್ ಮೇಕಪ್, ಅಲ್ಲೂ ದಪ್ಪ ದೇಹ, ಅಲ್ಲೂ ಹಲವು ಪಾತ್ರ. ಆದರೆ ಪ್ರೊಫೆಸರ್ ಶೆರ್ಮನ್ ಕ್ಲಂಪ್‌ಗೆ ಮನಸ್ಸಿದೆ, ನಾಚಿಕೆಯಿದೆ, ಆಸೆಯಿದೆ. ಕಾಮಿಡಿ ಕ್ಲಬ್ಬಿನಲ್ಲಿ ಒಬ್ಬ ಅವನ ಮೈ ಬಗ್ಗೆ ಜೋಕು ಮಾಡ್ತಾ ಹೋದ ಹಾಗೆ ಕ್ಯಾಮೆರಾ ಶೆರ್ಮನ್ ಮುಖವನ್ನು ತೋರಿಸುತ್ತೆ, ನಮ್ಮ ನಗು ಗಂಟಲಲ್ಲೇ ನಿಲ್ಲುತ್ತೆ. ಆ ಪಾತ್ರಕ್ಕೆ ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ಮರ್ಫಿಗೆ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು. ಅಷ್ಟು ಚೆನ್ನಾಗಿ ಗೊತ್ತಿದ್ದವನೇ ಹನ್ನೊಂದು ವರ್ಷದ ಮೇಲೆ, ಅಣ್ಣ ಚಾರ್ಲಿ ಮರ್ಫಿ ಜೊತೆ ಸೇರಿ ಕಥೆ ಬರೆದು, ‘ನಾರ್ಬಿಟ್’ ಮಾಡಿದ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ಬಿಡುಗಡೆಯಾದ ಹೊತ್ತೂ ಹಾಗಿತ್ತು. ‘ಡ್ರೀಮ್‌ಗರ್ಲ್ಸ್’ ಚಿತ್ರದ ಪೋಷಕ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಗೆದ್ದು, ಆಸ್ಕರ್ ಬಾಗಿಲಲ್ಲಿ ನಿಂತಿದ್ದ. 2007ರ ಫೆಬ್ರುವರಿ 9ಕ್ಕೆ ‘ನಾರ್ಬಿಟ್’ ಬಂತು, 25ಕ್ಕೆ ಆಸ್ಕರ್ ಅಲನ್ ಆರ್ಕಿನ್ ಪಾಲಾಯಿತು. ‘ನಾರ್ಬಿಟ್’ ಪೋಸ್ಟರ್‌ಗಳೇ ಆಸ್ಕರ್ ಕಳೆದವು ಅಂತ ಇವತ್ತಿಗೂ ಹೇಳ್ತಾರೆ. ಅದನ್ನು ಸಾಬೀತು ಮಾಡೋಕಾಗಲ್ಲ. ನನ್ನ ತಕರಾರು ಆಸ್ಕರ್‌ದ್ದಲ್ಲ.

ಆ ಸಿನಿಮಾದ ಡಿವಿಡಿ ತಂದವನು ನಾನೇ. ಅಕ್ಕ ಬೇಸಿಗೆ ರಜೆಗೆ ಮಕ್ಕಳ ಜೊತೆ ತವರಿಗೆ ಬಂದಿದ್ದಳು. ಎರಡು ಹೆರಿಗೆ, ಥೈರಾಯ್ಡ್, ಮೈ ಬಂದಿತ್ತು. ಬಂದವರೆಲ್ಲ ‘ಏನೇ, ಗುರುತೇ ಸಿಗಲ್ವಲ್ಲೇ’ ಅನ್ನೋರು, ಅವಳು ನಕ್ಕು ಸುಮ್ಮನಾಗೋಳು. ‘ನಿನ್ನ ಬಾಳೆಹಣ್ಣಿನ ಪೊಲೀಸ್‌ದು ಹೊಸ ಸಿನಿಮಾ ಬಾರೇ’ ಅಂತ ಕೂರಿಸಿದೆ. ಅರ್ಧ ಗಂಟೆ ಆಗಿರಬಹುದು. ರಾಸ್ಪ್ಯೂಷಿಯಾ ಪರದೆ ಮೇಲೆ ಬಂದಾಗಲೆಲ್ಲ ನಾನು ಜೋರಾಗಿ ನಗ್ತಿದ್ದೆ. ಅವಳ ಮಗನೂ ನಗ್ತಿದ್ದ. ಅಕ್ಕ ‘ಇವನೂ ಎಲ್ಲರ ಥರಾನೇ ಆಗಿಬಿಟ್ನಲ್ಲೋ’ ಅಂದು, ಹಾಲು ಕಾಯಿಸ್ತೀನಿ ಅಂತ ಎದ್ದು ಹೋದವಳು ವಾಪಸ್ ಬರಲಿಲ್ಲ. ಅಂದು ಅವಳ ಮಾತು ನನಗೆ ಅರ್ಥವಾಗಲಿಲ್ಲ. ಸಿನಿಮಾ ಪೂರ್ತಿ ನೋಡಿದೆ.

ಪಟ್ಟಿಯಲ್ಲಿ ಇಲ್ಲದವು

ಮರ್ಫಿ ನಿರ್ದೇಶಿಸಿದ ಒಂದೇ ಚಿತ್ರ ‘ಹಾರ್ಲೆಮ್ ನೈಟ್ಸ್’ (1989) ಕೆಟ್ಟ ಚಿತ್ರಕಥೆಯ ರ‍್ಯಾಜಿ ಪಡೆದಿದೆ. ಆದರೆ ರಿಚರ್ಡ್ ಪ್ರಯರ್, ರೆಡ್ ಫಾಕ್ಸ್, ಮರ್ಫಿ, ಮೂರು ತಲೆಮಾರಿನ ಕಪ್ಪು ಹಾಸ್ಯಗಾರರು ಒಂದೇ ಚೌಕಟ್ಟಿನಲ್ಲಿ ಇರುವುದಕ್ಕಾಗಿಯೇ ಅದನ್ನು ಬಿಟ್ಟೆ. ‘ಡ್ಯಾಡಿ ಡೇ ಕೇರ್’ (2003) ಸಾಧಾರಣ, ಕೆಟ್ಟದ್ದಲ್ಲ.

ಹೀಗ್ಯಾಕಾಯ್ತು?

2010ರಲ್ಲಿ ರ‍್ಯಾಜಿಯವರು ಮರ್ಫಿಯನ್ನು ‘ದಶಕದ ಕೆಟ್ಟ ನಟ’ ಅಂತ ಕರೆದರು. ಆಮೇಲೆ ತಾನು ಬಿಡುವು ತೆಗೆದುಕೊಂಡದ್ದಕ್ಕೆ ಅದೂ ಒಂದು ಕಾರಣ ಅಂತ ಅವನೇ ಹೇಳಿಕೊಂಡಿದ್ದಾನೆ. ಮೇಲಿನ ಎಂಟನ್ನೂ ಸಾಲಾಗಿಟ್ಟು ನೋಡಿದರೆ ನನಗೆ ಕಾಣೋದು ಎರಡು ಬಗೆ. ಒಂದು, ಮನಸ್ಸಿಲ್ಲದೆ ಮಾಡಿದ್ದು: ಒಪ್ಪಂದಕ್ಕೆ, ಸಂಬಳಕ್ಕೆ, ಸ್ಟುಡಿಯೋ ಒತ್ತಾಯಕ್ಕೆ. ಎಂಟರಲ್ಲಿ ಏಳು ಇಂಥವು, ಮರೆತುಬಿಡಬಹುದು. ಇನ್ನೊಂದು, ಮನಸ್ಸಿಟ್ಟು ಮಾಡಿದ್ದು. ‘ನಾರ್ಬಿಟ್’ನಲ್ಲಿ ಮರ್ಫಿ ಮೈಮುರಿದು ನಟಿಸಿದ್ದಾನೆ, ಪ್ರತಿಭೆಯೆಲ್ಲ ಸುರಿದಿದ್ದಾನೆ. ಮೇಲಿರೋರನ್ನ ಗೇಲಿ ಮಾಡ್ತಿದ್ದ ಆ್ಯಕ್ಸೆಲ್ ಫೋಲಿಯ ನಾಲಿಗೆ ಇಲ್ಲಿ ಕೆಳಗಿರೋರ ಕಡೆ ತಿರುಗಿದೆ. ‘ಡಿಲಿರಿಯಸ್’ನಲ್ಲಿ ಇದ್ದದ್ದೂ ಇದೇ ರೋಗ.

ಹೊಸದಾಗಿ ನೋಡೋರಿಗೆ ನನ್ನ ಸಲಹೆ: ‘ಟ್ರೇಡಿಂಗ್ ಪ್ಲೇಸಸ್’, ‘ಕಮಿಂಗ್ ಟು ಅಮೆರಿಕ’ (1988), ‘ದಿ ನಟ್ಟಿ ಪ್ರೊಫೆಸರ್’, ‘ಬೋಫಿಂಗರ್’ (1999), ಕೊನೆಗೆ ‘ಡೋಲಮೈಟ್ ಈಸ್ ಮೈ ನೇಮ್’ (2019). ಈ ಕೊನೆಯದರಲ್ಲಿ ಮರ್ಫಿ ಮತ್ತೆ ಸಿಕ್ಕಿದ. ಹೊಟ್ಟೆ ಬಂದ, ವಯಸ್ಸಾದ, ಯಾರೂ ಕೇಳದ ಹಾಸ್ಯಗಾರನೊಬ್ಬ ಹಟ ಹಿಡಿದು ಸಿನಿಮಾ ಮಾಡುವ ಕಥೆ. ಆ ಹೊಟ್ಟೆಯನ್ನು ಅಲ್ಲಿ ಯಾರೂ ಜೋಕು ಮಾಡಿ ಬಿಸಾಡಲ್ಲ.

ಅದನ್ನು ಅಕ್ಕನಿಗೆ ನೋಡು ಅಂತ ಫೋನಿನಲ್ಲಿ ಹೇಳಿದೆ. ‘ನೀನು ಮೊದಲು ಪೂರ್ತಿ ನೋಡಿದೀಯಾ?’ ಅಂತ ಕೇಳಿದಳು. ನೋಡಿದೀನಿ ಅಂದೆ. ‘ಹಂಗಾದ್ರೆ ಸರಿ, ನೋಡ್ತೀನಿ’ ಅಂದಳು.