ದಂತ ಪುನಃಸ್ಥಾಪನೆ: ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳಲ್ಲಿ

ಹುಳುಕು, ಪೆಟ್ಟು ಅಥವಾ ಸವೆತದಿಂದ ಕೆಟ್ಟ ಹಲ್ಲನ್ನು ಕೀಳದೆ, ಅದರ ಆಕಾರವನ್ನೂ ಅಗಿಯುವ ಶಕ್ತಿಯನ್ನೂ ಮರಳಿ ಕೊಡುವ ಚಿಕಿತ್ಸೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸಿಮೆಂಟ್ ತುಂಬಿಸುವುದು, ಕ್ಯಾಪ್ ಹಾಕಿಸುವುದು ಎಂದರೆ ಇದೇ.

ಹುಳುಕಿಗೆ ಹುಳು ಕಾರಣವಲ್ಲ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹಲ್ಲಿನ ಹುಳು ಉದುರಿಸುವ ನಾಟಿ ಪದ್ಧತಿ ನೋವನ್ನು ಸ್ವಲ್ಪ ಹೊತ್ತು ಮರೆಸಬಹುದು, ಕುಳಿಯನ್ನು ಮುಚ್ಚಲಾರದು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಬೆಲ್ಲಗಳನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಹಲ್ಲಿನ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಸಕ್ಕರೆಯ ಜತೆಗೆ ಇಲ್ಲಿ ತಂಬಾಕೂ ಸೇರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಆ ಬೆಳೆ ಹೋಗುವುದು ಸಿಗರೇಟಿಗೆ. ಬಾಯಿಗೆ ಬರುವುದು ಎಲೆ, ಅಡಿಕೆ, ಸುಣ್ಣದ ಜತೆಗಿನ ಕಡ್ಡಿಪುಡಿ ತಂಬಾಕು. ಅಡಿಕೆ ಹಲ್ಲನ್ನು ಸವೆಸುತ್ತದೆ, ತಂಬಾಕು ವಸಡನ್ನು ಕೆಡಿಸುತ್ತದೆ. ವಸಡು ಸರಿದು ಅಲ್ಲಾಡುವ ಹಲ್ಲಿಗೆ ಎಷ್ಟು ದುಬಾರಿ ಕ್ಯಾಪ್ ಹಾಕಿದರೂ ವ್ಯರ್ಥ. ಆದ್ದರಿಂದ ಮೊದಲು ನೋಡಬೇಕಾದದ್ದು ವಸಡು.

ಕುಳಿ ಆಳವಾಗಿಲ್ಲದಿದ್ದರೆ ಗ್ಲಾಸ್ ಅಯಾನೊಮರ್ ಸಿಮೆಂಟ್ ಸಾಕು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ವಿಜ್ಞಾನಿಗಳಾದ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಈ ಪುಡಿ-ದ್ರವದ ಮಿಶ್ರಣ ಹಲ್ಲಿಗೆ ತಾನಾಗಿ ಅಂಟಿಕೊಂಡು ಫ್ಲೋರೈಡ್ ಬಿಡುತ್ತದೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಇದಕ್ಕೊಂದು ಸರಳ ವಿಧಾನ ಹುಟ್ಟಿತು: ಕೊಳೆತ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ಸಿಮೆಂಟ್ ತುಂಬುವುದು. ಯಂತ್ರ ಬೇಡ, ವಿದ್ಯುತ್ ಬೇಡ, ಬಹುಪಾಲು ಚುಚ್ಚುಮದ್ದೂ ಬೇಡ. ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಗಳಿಗೆ ಇದಕ್ಕಿಂತ ಹೊಂದುವ ಚಿಕಿತ್ಸೆ ಬೇರೆ ಕಾಣದು. ಹಲ್ಲಿನ ಎರಡು ಮೂರು ಬದಿಗೆ ಹರಡಿದ ಕುಳಿಯಲ್ಲಿ ಮಾತ್ರ ಈ ಸಿಮೆಂಟ್ ಬೇಗ ಒಡೆಯುತ್ತದೆ.

ದವಡೆ ಹಲ್ಲಿಗೆ ಬಹುಕಾಲ ತುಂಬಿದ್ದು ಬೆಳ್ಳಿಯ ಅಮಾಲ್ಗಮ್. ಗಟ್ಟಿ, ಅಗ್ಗ, ಆದರೆ ಅದರಲ್ಲಿ ಅರ್ಧದಷ್ಟು ಪಾದರಸ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಾಮಾಟ ಒಪ್ಪಂದದ ನಂತರ ಅದು ಹಿಂದೆ ಸರಿಯುತ್ತಿದೆ. ಈಗ ಹಲ್ಲಿನ ಬಣ್ಣದ ಕಾಂಪೊಸಿಟ್‌ನದೇ ಕಾಲ. ನೀಲಿ ಬೆಳಕಿನಲ್ಲಿ ಗಟ್ಟಿಯಾಗುವ ಈ ರಾಳಕ್ಕೆ ಹಲ್ಲು ಒಣಗಿರಲೇಬೇಕು. ಜೊಲ್ಲು ತಾಗಿದರೆ ಅಂಚಿನಲ್ಲಿ ಬಿರುಕು ಬಿಟ್ಟು ಒಳಗೆ ಮತ್ತೆ ಹುಳುಕು ಶುರು.

ರಾತ್ರಿ ಮಲಗಿದಾಗ ಹೆಚ್ಚುವ ನೋವು ಬಂದಿತೆಂದರೆ ಸಾಮಾನ್ಯವಾಗಿ ಕೊಳೆ ನರದವರೆಗೆ ಮುಟ್ಟಿದೆ. ಆಗ ರೂಟ್ ಕೆನಾಲ್: ಒಳಗಿನ ತಿರುಳನ್ನು ತೆಗೆದು, ಬೇರಿನ ನಾಳವನ್ನು ಶುಚಿ ಮಾಡಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಮೊದಲ ಸಲಕ್ಕೇ ನೋವು ನಿಂತುಬಿಡುವುದೇ ಇದರ ತೊಡಕು. ನೋವು ನಿಂತ ರೈತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಬಿಟ್ಟು ಮತ್ತೆ ಬರುವ ಹೊತ್ತಿಗೆ ತಾತ್ಕಾಲಿಕ ಸಿಮೆಂಟ್ ಕಿತ್ತುಹೋಗಿರುತ್ತದೆ. ತಿರುಳು ತೆಗೆದ ದವಡೆ ಹಲ್ಲಿಗೆ ಕ್ಯಾಪ್ ಹಾಕದಿದ್ದರೆ ಅದು ಸೀಳಬಹುದು. ಕ್ಯಾಪಿಗೆ ಅಳತೆ ತೆಗೆದು ಲ್ಯಾಬಿಗೆ ಕಳಿಸುವುದರಿಂದ ಇನ್ನೊಂದು ಭೇಟಿ ತಪ್ಪದು. ಬರಿ ಲೋಹ, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ ಎಂದು ಬೆಲೆ ಏರುತ್ತದೆ. ಹಿಂದಿನ ಹಲ್ಲಿಗೆ ಬರಿ ಲೋಹದ್ದು ಧಾರಾಳ ಸಾಕು.

ಮಕ್ಕಳ ಹಾಲು ಹಲ್ಲು ಹೇಗೂ ಬೀಳುತ್ತದೆಂದು ಬಿಡುವುದುಂಟು. ಹಾಲು ದವಡೆ ಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೆ ಇರಬೇಕಾದವು. ಮೊದಲೇ ಕಿತ್ತರೆ ಜಾಗ ಮುಚ್ಚಿ ಶಾಶ್ವತ ಹಲ್ಲು ವಕ್ರವಾಗಬಹುದು. ಹೆಚ್ಚು ಕೆಟ್ಟಿದ್ದರೆ ಸಿದ್ಧ ಸ್ಟೀಲ್ ಕ್ಯಾಪ್ ಒಂದೇ ಭೇಟಿಯಲ್ಲಿ ಕೂರುತ್ತದೆ.

ಕಷ್ಟದ ಹಲ್ಲುಗಳಿಗೆ ಮೈಸೂರೇ ಗತಿ. 1986ರಲ್ಲಿ ಆರಂಭವಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಅಲ್ಲಿದೆ. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುವುದರಿಂದ ಖರ್ಚು ಸಾಮಾನ್ಯವಾಗಿ ಕಡಿಮೆ, ಸಮಯ ಹೆಚ್ಚು. ಬಸ್ ಚಾರ್ಜು, ಕಳೆದ ಕೂಲಿ ಲೆಕ್ಕ ಹಾಕಿದವರು ಒಂದೇ ಸಲಕ್ಕೆ ಕೀಳಿಸಿಬಿಡುವುದರಲ್ಲಿ ಆಶ್ಚರ್ಯವಿಲ್ಲ. ಮುದ್ದೆ ನುಂಗುವ ಸೀಮೆಯಲ್ಲಿ ದವಡೆ ಹಲ್ಲಿನ ನಷ್ಟ ಬೇಗ ಅರಿವಿಗೂ ಬಾರದು. ಕಬ್ಬು, ಮಾಂಸದ ತುಂಡು ಬಾಯಿಗಿಟ್ಟಾಗಲೇ ತಿಳಿಯುವುದು. ರಾಜ್ಯ ಸರ್ಕಾರ 2014–15ರಲ್ಲಿ ತಂದ ದಂತಭಾಗ್ಯ ಯೋಜನೆಯೂ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಕೊಟ್ಟದ್ದು ಉಚಿತ ಹಲ್ಲು ಸೆಟ್ಟನ್ನು, ಅಂದರೆ ಹಲ್ಲು ಹೋದಮೇಲಿನ ಪರಿಹಾರವನ್ನು.